ಹಸಿರು ಪಟ್ಟಿ

ಬಿಳಿ ಡಬ್ಬಿ ನನಗೆ, ಹಸಿರು ಲಿಬುಶೆಗೆ.
ಕೆರೆಯುವ ಉಳಿ, ತಂತಿಯ ಬ್ರಷ್ಷು, ಹರಿದ ಟವೆಲ್ಲು,
ಬೆಣ್ಣೆ ಸವರಿದ ಕಪ್ಪು ಬ್ರೆಡ್ಡು ನಾಲ್ಕು ತುಂಡು.
ಆರೂವರೆಯ ಬಸ್ಸು ನಮ್ಮಿಬ್ಬರನ್ನಿಳಿಸಿ
ಬೆಸ್ಕಿಡಿ ಬೆಟ್ಟಗಳ ಕಡೆ ಕೆಮ್ಮುತ್ತ ಹೋಯಿತು.

ಕಾವ್ಚೀ ಅಂಥ ದೊಡ್ಡ ಬೆಟ್ಟವೇನಲ್ಲ.
ಪಾರ್ಕು ಎಂದು ಬೋರ್ಡು ಹಾಕಿದ್ದಾರೆ, ಸಾಕು.
ಎಂಟುನೂರ ಹನ್ನೆರಡು ಮೀಟರು, ನೆತ್ತಿಗೊಂದು ಮರದ ಹೋಟೆಲು,
ಬೆಳ್ಳುಳ್ಳಿ ಸಾರು, ಮಕ್ಕಳ ಪುಸ್ತಕಕ್ಕೆ ಒತ್ತುವ ಮೊಹರು.
ದಾರಿಗಳು ನಾಲ್ಕು:
ಕೆಂಪು ಏಣಿನ ಮೇಲೆ, ನೀಲಿ ತೊರೆಯ ಗುಂಟ,
ಹಳದಿ ಒಳದಾರಿ,
ಹಸಿರು, ಅವಸರದವರು ಯಾರೂ ಹಿಡಿಯದ್ದು.

ಲಿಬುಶೆಗೆ ಎಪ್ಪತ್ತೊಂದು.
ಮೂವತ್ತು ವರ್ಷ ಟ್ರಾಮಿನಲ್ಲಿ ಟಿಕೆಟ್ಟು ನೋಡಿದ ಕಣ್ಣು
ಈಗ ಮರ ನೋಡುತ್ತದೆ.
ನನ್ನದು ಮೊಣಕಾಲಿನ ಕಥೆ. ಡಾಕ್ಟರು
ಫುಟ್‌ಬಾಲ್ ಬಿಡು, ನಡೆ ಎಂದರು.
ಸುಮ್ಮನೆ ನಡೆಯಲು ನಾಚಿಕೆಯಾಗಿ ಡಬ್ಬಿ ಹಿಡಿದೆ.

ಅವಳ ಶಾಸ್ತ್ರ ಚಿಕ್ಕದು.
ಒಂದು ಗುರುತಿನ ಬಳಿ ನಿಂತರೆ ಮುಂದಿನದು ಕಾಣಬೇಕು.
ಕವಲಿನಲ್ಲಿ ಜಿಪುಣತನ ಬೇಡ,
ನೆಟ್ಟಗಿನ ದಾರಿಯಲ್ಲಿ ವಾಚಾಳಿತನ ಬೇಡ.
ಹೋಗುವವರಿಗೆ ಬರೆದ ಮೇಲೆ
ಮರ ಸುತ್ತಿ ಬಂದು ಬರುವವರಿಗೂ ಬರೆ.

ಒಂಬತ್ತಕ್ಕೆ ಅಣಬೆಯವರು ಬುಟ್ಟಿ ಹಿಡಿದು ಬಂದರು.
ದಾರಿಯೆಂದರೆ ಅವರಿಗೆ ಅಲರ್ಜಿ.
ಎಲ್ಲಿ ಸಿಕ್ಕಿತು ಎಂದರೆ, ಕಾಡಿನಲ್ಲಿ, ಅಂದರು.
ಹತ್ತಕ್ಕೆ ಶಾಲೆಯ ಮಕ್ಕಳು, ಕಾಡುಬೆರ್ರಿ ತಿಂದು
ಮೂವತ್ತು ನಾಲಿಗೆ ನೀಲಿ, ಮೇಷ್ಟರದೂ.
ಆಮೇಲೆ ಮೇಲಿನಿಂದ, ಮೋಟಾರಿಲ್ಲದ ಬಾಡಿಗೆ ಸ್ಕೂಟರುಗಳಲ್ಲಿ
ಹುಡುಗ ಹುಡುಗಿಯರು ಕಿರುಚುತ್ತ ಜಾರಿಹೋದರು,
ಬ್ರೇಕು ಸುಟ್ಟ ವಾಸನೆ
ನಮ್ಮ ಬಣ್ಣದ ವಾಸನೆಗೆ ಕೂಡಿಕೊಂಡಿತು.

ಮೂರನೇ ತಿರುವಿನ ಬೀಚ್ ಮರದ ಮುಂದೆ
ಲಿಬುಶೆ ಚೀಲ ಇಳಿಸಿದಳು.
ಮೂರು ವರ್ಷಕ್ಕೊಮ್ಮೆ ಹೊಸದು ಬಳಿಯಬೇಕು, ಅದು ನಿಯಮ.
ಇದೊಂದನ್ನು ಎಂಟು ಸರದಿ ಬಿಟ್ಟಿದ್ದಾಳೆ.
ಅಂಗೈಯಗಲದ ಪಟ್ಟಿಯನ್ನು ಮರ
ದಪ್ಪವಾಗುತ್ತ ಆಗುತ್ತ ಗೇಣುದ್ದಕ್ಕೆ ಎಳೆದುಕೊಂಡಿತ್ತು,
ಹೆತ್ತವಳ ಹೊಟ್ಟೆಯ ಗೀರಿನಂತೆ ಅಲ್ಲಲ್ಲಿ ಬಿರಿದು.

ಒಟಕರನ ಕೈ, ಎಂದಳು.
ಕೆಳಗಿನ ಗೆರೆ ನೋಡು, ಓರೆ.
ಅಳತೆಪಟ್ಟಿ ಮನೆಯಲ್ಲೇ ಮರೆಯುತ್ತಿದ್ದ,
ಮರೆತೆ ಅಂತ ಒಪ್ಪುತ್ತಿರಲಿಲ್ಲ.

ನಾನು ಬೇರೆ ಕಡೆ ನೋಡಿದೆ.
ಆಗ ಕಂಡಿತು: ಎಡಕ್ಕೊಂದು ಸವೆದ ಜಾಡು.
ಯಾರೂ ಮಾಡದ ದಾರಿ, ಬರೀ ಕಾಲುಗಳು ಮಾಡಿದ್ದು,
ಗುರುತು ಕಾಣದವರ ಕಾಲುಗಳು.
ಇಪ್ಪತ್ತು ಮಾರು ಹೋಗಿ
ಮುಳ್ಳಿನ ಪೊದೆಯೆದುರು ನಾಚಿ ನಿಂತಿತ್ತು.
ಕೊಂಬೆಯೊಂದಕ್ಕೆ ಯಾರೋ ಸಿಕ್ಕಿಸಿದ್ದರು
ಮಗುವಿನ ಕೈಗವಸು, ಕೆಂಪು, ಒಂದೇ.

ನನ್ನ ಕಣ್ಣು ಹೋದಲ್ಲಿ ಅವಳ ಕಣ್ಣೂ ಹೋಯಿತು.
ಉಳಿ ಕೊಡು, ಎಂದಳು.

ಕೆರೆದಳು. ಇಪ್ಪತ್ತನಾಲ್ಕು ವರ್ಷದ ಹಸಿರು
ಪುಡಿಯಾಗಿ ತೋಳಿನ ಮಡಿಕೆಗೆ ಬಿತ್ತು. ಒದರಲಿಲ್ಲ.
ಅಳತೆಪಟ್ಟಿ ಇಟ್ಟು ನಡುವಿನ ಪಟ್ಟಿ ಎಳೆದಳು,
ಮೇಲಿನ ಬಿಳಿ ನಾನು, ಕೆಳಗಿನ ಬಿಳಿಯೂ ನಾನೇ.
ಕೈ ನಡುಗಿತೋ ಏನೋ.
ಓರೆ, ಎಂದಳು.
ಇರಲಿ ಬಿಡಲೇ, ಎಂದೆ, ನನ್ನ ಜಾಣತನಕ್ಕೆ ನಾನೇ ಮೆಚ್ಚಿ.
ಬೇಡ. ಒರೆಸು.
ಒರೆಸಿದೆ. ಮತ್ತೆ ಎಳೆಸಿದಳು. ನೆಟ್ಟಗೆ.

ಆಮೇಲೆ ಒಣಕೊಂಬೆಗಳನ್ನು ದರದರ ಎಳೆದು ತಂದು
ತಪ್ಪುದಾರಿಯ ಬಾಯಿಗೆ ಅಡ್ಡ ಹಾಕಿದೆವು.
ಕೈಗವಸು ಅಲ್ಲೇ ಇರಲಿ, ಎಂದಳು,
ಹುಡುಕಿಕೊಂಡು ಬಂದಾರು.
ನಲವತ್ತು ಹೆಜ್ಜೆ ಹತ್ತಿ, ಸೊಂಟಕ್ಕೆ ಕೈಯಿಟ್ಟು,
ಟ್ರಾಮಿನ ದನಿಯಲ್ಲಿ ಕೂಗಿದಳು:
ಕಾಣುತ್ತೆ!

ಸಂಜೆ ಇಳಿಯುವಾಗ ನಾವೇ ಬರುವವರು.
ಬೀಚಿನ ಬೆನ್ನಿನ ಹಸಿಬಣ್ಣಕ್ಕೆ
ಒಂದು ಸೊಳ್ಳೆ ಅಂಟಿ ಒದ್ದಾಡುತ್ತಿತ್ತು.
ಲಿಬುಶೆ ಕನ್ನಡಕ ಹಣೆಗೇರಿಸಿ,
ಕಿರುಬೆರಳ ಉಗುರಿನಿಂದ ಅದನ್ನೆತ್ತಿ,
ಊದಿ,
ಪಟ್ಟಿಯ ಮೇಲಿನ ಕಲೆಯನ್ನು ಹಸಿರಿನಿಂದ ಮುಚ್ಚಿದಳು.
ಬಸ್ಸಿಗೆ ಇನ್ನೂ ಹನ್ನೆರಡು ನಿಮಿಷವಿತ್ತು.