ಟ್ಯೂಬ್‌ಲೈಟು

ವೇಕ್‌ಫೀಲ್ಡಿನ ಈ ಶಾಲೆಯಲ್ಲಿ ನನ್ನ ಕೆಲಸ ಇಷ್ಟೇ:
ಕಿಟ್ ಪಕ್ಕ ಕೂರುವುದು.
ನಾಲ್ಕನೇ ಕ್ಲಾಸು, ಮೂವತ್ತು ಮಕ್ಕಳು, ಕಿಟಕಿಯಾಚೆ
ಹತ್ತು ಗಂಟೆಗೂ ಸರಿಯಾಗಿ ಬೆಳಕಾಗದ ನವೆಂಬರು.

ಅವನು ಕಿವಿ ಮುಚ್ಚಿಕೊಳ್ಳುತ್ತಾನೆ. ಮೇಜಿನಡಿ ನುಸುಳುತ್ತಾನೆ.
ಅಲ್ಲಿಂದಲೇ ಹೇಳುತ್ತಾನೆ: 'ಅದು ಕೂಗ್ತಿದೆ.'
ಯಾವುದು, ಕಿಟ್?
'ಅದೇ.'
ಫೈಲಿನಲ್ಲಿ ಬರೆಯಬೇಕು: ಸಮಯ, ಕಾರಣ, ಏನು ಮಾಡಿದಿರಿ.
ಕಾರಣದ ಕಾಲಂ ಮೂರು ವಾರ ಖಾಲಿ ಬಿಟ್ಟೆ.

ನಾಲ್ಕನೇ ವಾರ ನಾನೂ ಮೇಜಿನಡಿ ಹೋದೆ.
ಐವತ್ತರ ಮಂಡಿ, ಕಾರ್ಪೆಟ್ಟಿನ ಧೂಳು,
ಯಾವ ಕಾಲದವರೋ ಅಂಟಿಸಿದ ಚ್ಯೂಯಿಂಗ್ ಗಮ್ಮು.
ಬಸ್ಸಿನಲ್ಲಿ ಸರಿದು ಕೂರುವವರ ಹಾಗೆ ಅವನು ಜಾಗ ಕೊಟ್ಟ.
ಸುಮ್ಮನೆ ಕೂತೆವು.
ಆಮೇಲೆ ಕೇಳಿಸಿತು,
ಜೀರುಂಡೆಗಿಂತ ಸಣ್ಣಗೆ, ಕಾಯುವ ಹಾಲಿನ ಅಂಚಿನ ಹಾಗೆ
ಬಾಗಿಲ ಕಡೆಯಿಂದ ಮೂರನೆಯ
ಟ್ಯೂಬ್‌ಲೈಟು.

ನಗು ಬಂತು.
ಹೊಸದುರ್ಗದ ಶಾಲೆಯಲ್ಲಿ ನನ್ನ ಹೆಸರೇ ಅದು.
'ಏಳೇ ಟ್ಯೂಬ್‌ಲೈಟು, ಹತ್ಕೊಂತೋ ಇಲ್ವೋ?'
ಲೆಕ್ಕದ ಮೇಷ್ಟ್ರು ಕಾಯುತ್ತಿರಲಿಲ್ಲ.
ಹತ್ತಿಕೊಳ್ಳುವಷ್ಟರಲ್ಲಿ ಪ್ರಶ್ನೆ ಹಿಂದಿನ ಬೆಂಚಿಗೆ ಹೋಗಿರುತ್ತಿತ್ತು.
ಆ ಉತ್ತರಗಳೆಲ್ಲ ನನ್ನ ಹತ್ತಿರವೇ ಇವೆ, ಇವತ್ತಿಗೂ.

ಕೇರ್‌ಟೇಕರ್ ಡೆರೆಕ್ ಏಣಿ ತಂದ.
'ನಂಗೇನೂ ಕೇಳಿಸ್ತಿಲ್ಲ' ಅಂದ.
ದೊಡ್ಡ ಮನುಷ್ಯ. ಕೇಳಿಸದಿದ್ದರೂ ಬಿಚ್ಚಿದ.
ಒಂದು ಮೂಲೆ ಕೊಂಚ ಮಬ್ಬಾಯಿತು. ಯಾರಿಗೂ ಏನೂ ಆಗಲಿಲ್ಲ.

ಕಿಟ್ ಹೊರಗೆ ಬಂದ, ಒಮ್ಮೆಲೇ ಅಲ್ಲ,
ಮೊದಲು ಪೆನ್ಸಿಲ್ಲು, ಆಮೇಲೆ ಕೈ.
ಏಳರ ಮಗ್ಗಿ ಶುರುವಾದಾಗ ತೂಗತೊಡಗಿದ
ಹಿಂದೆ ಮುಂದೆ, ಹಿಂದೆ ಮುಂದೆ.
ನೇರ ಕೂರಿಸಬೇಕೆ? ಮಿಸೆಸ್ ಆಗ್ಡನ್ ಕಣ್ಣಲ್ಲೇ ಕೇಳಿದರು.
ಬೇಡ.
ಮಗ್ಗಿಯನ್ನು ನಾವೆಲ್ಲ ಕಲಿತದ್ದೇ ಹಾಗೆ,
ನೆಲದ ಮೇಲೆ ನಲವತ್ತು ಮಂದಿ, ಗಾಳಿಗೆ ರಾಗಿಹೊಲ,
ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು,
ಆ ತೂಗಾಟಕ್ಕೆ ಯಾರೂ ಒಂದು ಹೆಸರಿಟ್ಟಿರಲಿಲ್ಲ.
ಇಷ್ಟನ್ನು ಇಂಗ್ಲಿಷಿಗೆ ತರಲಾಗದೆ
'ಅವನಿಗೆ ಅದು ಬೇಕು' ಎಂದೆ.

ಎಲ್ಲ ಸರಿಹೋಯಿತು ಅಂತಲ್ಲ.
ಶುಕ್ರವಾರ ಊಟದ ಹೊತ್ತಿಗೆ ತಟ್ಟೆಗಳ ರಾಶಿ ಜಾರಿ ಬಿತ್ತು,
ಅವನು ನನ್ನ ಮುಂಗೈ ಕಚ್ಚಿದ.
ಕಾರಣ: ಸದ್ದು.
ಏನು ಮಾಡಿದಿರಿ: ಕಾದೆ.

ನಿನ್ನೆ ಕೇಳಿದೆ, ಏಳೆಂಟ್ಲ ಎಷ್ಟು, ಕಿಟ್?
ಹೀಟರು ಉಸಿರು ಬಿಟ್ಟಿತು. ಹೊರಗೊಂದು ಬಸ್ಸು ಹೋಯಿತು.
ಸುತ್ತ ಕೈಗಳು ಎದ್ದವು, ಇಳಿದವು.
ನಾನು ಕೂತೇ ಇದ್ದೆ.

ಬೆಲ್ಲು ಹೊಡೆದ ಮೇಲೆ, ಕೋಟು ಹಾಕಿಕೊಂಡು,
ಗೇಟಿನ ತನಕ ಹೋದವನು
ತಿರುಗಿ ಬಂದು ಹೇಳಿದ:
ಐವತ್ತಾರು.