ಷರಾ

ಸಾಮಾರ್ ದ್ವೀಪ, ಪೂರ್ವ ತೀರ, ಬರಂಗಾಯ್ ಹಿನಲೂದ್.
ಎರಡು ಗಂಟೆಗೆ ಕರೆದ ಸಭೆ ಮೂರೂಕಾಲಿಗೆ ಕೂಡಿತು.
ಹಾಜರಿ ಹತ್ತೊಂಬತ್ತು.
ಬೆಂಚಿನಡಿ ಒಂದು ಕೋಳಿ, ಲೆಕ್ಕಕ್ಕೆ ಹಿಡಿದಿಲ್ಲ.

ವಿಷಯ ಒಂದು: ಕಾಂಡ್ಲಾ ಗಿಡ.
ಹೋದ ಸಲ ನೆಟ್ಟದ್ದು ಆರು ಸಾವಿರ, ಉಳಿದದ್ದು ನಲವತ್ತು.
"ಸಾಲು ನೇರವಿತ್ತು, ಫೋಟೋ ಚೆನ್ನಾಗಿ ಬಂತು"
ಎಂದರು ಕ್ಯಾಪ್ಟನ್ ಕ್ರಿಸಾಂತೊ ಅಬ್ರುಗಾರ್.
ಏಡಿ ಹಿಡಿಯುವ ಪೆರ್ಪೆತ್ವಾ ಎದ್ದಳು, ಕಾಲಲ್ಲಿನ್ನೂ ಕೆಸರು:
"ಬಖಾವ್ ಒಳಗಿನ ಹೊಳೆದಂಡೆಯ ಕೂಸು,
ನೀವದನ್ನು ಒಯ್ದು ಅಲೆಯ ಬಾಯಿಗಿಟ್ಟಿರಿ.
ಮುಂದೆ ನಿಲ್ಲಬೇಕಾದ್ದು ಪಗತ್ಪತ್,
ಉಸಿರಿಗೆ ಬೇರನ್ನೇ ಮೇಲೆತ್ತಿ ನಿಲ್ಲುವಂಥದ್ದು.
ನನ್ನನ್ನು ಯಾರು ಕೇಳಿದರು?"
ಠರಾವು: ಇನ್ನು ಮುಂದೆ ಕೇಳತಕ್ಕದ್ದು.

ವಿಷಯ ಎರಡು: ಎಚ್ಚರಿಕೆಯ ಮಾತು.
ಪ್ರಾಂತ್ಯದ ಕಚೇರಿಯಿಂದ ಬಂದ ಹುಡುಗಿ
ಗೋಡೆಗೆ ನಕ್ಷೆ ಅಂಟಿಸಿದಳು.
ಊರು ಹಳದಿ. ಹಳದಿಯ ಮೇಲೆ ಗುಲಾಬಿ.
ಗುಲಾಬಿಯ ನಟ್ಟನಡುವೆ ನನ್ನ ಅಡುಗೆಮನೆ.
"ಸ್ಟಾರ್ಮ್ ಸರ್ಜ್" ಎಂದಳು.
ಯಾರೂ ಏನೂ ಅನ್ನಲಿಲ್ಲ.
ಆ ಎರಡು ಪದ ಈ ಊರಲ್ಲಿ ಮೊದಲ ಸಲ ಕೇಳಿದ್ದಲ್ಲ.

"ಸುನಾಮಿ ಅನ್ನಿ, ಸಿನಿಮಾದಲ್ಲಿ ನೋಡಿದ್ದೇವೆ, ಓಡುತ್ತೇವೆ."
"ಸುನಾಮಿ ನೆಲ ನಡುಗಿ ಬರುವುದು,
ಇದು ಗಾಳಿ ನೂಕಿ ತರುವ ನೀರು.
ತಪ್ಪು ಹೇಳಬಾರದಲ್ಲ" ಎಂದಳು ಹುಡುಗಿ.
"ಮುಳುಗುವವನಿಗೆ ವ್ಯಾಕರಣವೇ?"
ಹಿಂದಿನ ಬೆಂಚು. ಹೆಸರು ಬರೆದುಕೊಂಡಿಲ್ಲ.
ಬಲುದ್, ಅಲೆ, ಅನ್ನೋಣವೇ?
ಅಲೆಯೆಂದರೆ ಮಕ್ಕಳು ಅಂಗಿ ಬಿಸಾಕಿ ಎದುರೋಡುತ್ತಾರೆ.
ಉಬ್ಬರ?
ಬಂದು ಹೋಗುವ ನೆಂಟನಿಗೆ ಯಾರು ಮನೆ ಬಿಡುತ್ತಾರೆ!

ಐದು ಮೀಟರ್ ಎಂದರೆ ಎಷ್ಟು, ಕೇಳಿದರು ಪಾದ್ರಿ.
"ಬಟ್ಟೆಯಾದರೆ ನಾನು ಬಲ್ಲೆ,"
ದರ್ಜಿ ಇಲುಮಿನಾದಾ ತಲೆ ಎತ್ತಲಿಲ್ಲ,
"ಐದು ಮೀಟರಿಗೆ ಒಬ್ಬ ಮದುಮಗಳು ಪೂರಾ ಮುಚ್ಚುತ್ತಾಳೆ."

ಆಗ ಚೆಂಡು ಕಿಟಕಿಯಿಂದ ಒಳಬಿತ್ತು.
ಹಿಂದೆಯೇ ಜುನ್‌ರೆಲ್, ಹನ್ನೆರಡು ವರ್ಷ, ಬೆವರು.
ಚೆಂಡು ಕಂಕುಳಿಗೆ ಸಿಕ್ಕಿಸಿ ಹೊರಟವನು ತಿರುಗಿ
"ಅಷ್ಟೆತ್ತರ ಅಂದರೆ ಬಳೆಗಿಂತ ಮೇಲೆ.
ಆ ವರ್ಷ ನಮ್ಮಣ್ಣ ಬಾಸ್ಕೆಟ್‌ಬಾಲಿನ ಬಳೆಯನ್ನೇ
ರಾತ್ರಿಯೆಲ್ಲ ಹಿಡಿದುಕೊಂಡಿದ್ದ" ಎಂದು ಹೋದ.

ಠರಾವು: ಬಾಸ್ಕೆಟ್‌ಬಾಲ್ ಕಂಬಕ್ಕೆ ಮೂರು ಬಣ್ಣ,
ಮೊಣಕಾಲಿಗೆ, ಎದೆಗೆ, ಬಳೆಗೆ.
ಮೈಕಿನಲ್ಲಿ ಹೇಳತಕ್ಕದ್ದು ಇಷ್ಟೇ:
ಸಮುದ್ರ ಬಳೆಗೆ ಬರುತ್ತಿದೆ. ದಲಾಗನ್. ಓಡಿ. ಗುಡ್ಡದ ಶಾಲೆಗೆ.
ಓಡಲಾರದವರು ಹದಿನಾಲ್ಕು, ತಳ್ಳುಗಾಡಿ ಆರು;
ಉಳಿದ ಎಂಟು ಮಂದಿಯ ಮಾತು ಮುಂದಿನ ಸಭೆಗೆ.
ಖರ್ಚು ಮೂರು ಡಬ್ಬ ಬಣ್ಣ. ಬ್ರಷ್ಷು ಕ್ಯಾಪ್ಟನ್ ಮನೆಯದು.
ಓದಿ ಹೇಳಲಾಯಿತು, ಸರಿಯೆಂದು ಒಪ್ಪಲಾಯಿತು.

ಷರಾ, ಓದಿ ಹೇಳದ್ದು:
ಆ ವರ್ಷ ಮೈಕು ಹಿಡಿದವಳು ನಾನೇ.
ಬಂದ ಸಂದೇಶವನ್ನು ಬಂದ ಹಾಗೆ,
ಇಂಗ್ಲಿಷ್ ಪದ ಒಂದಿಷ್ಟೂ ತೊದಲದೆ,
ಬೀದಿ ಬೀದಿಗೆ ಮೂರು ಸಲ ಓದಿದೆ.
ಬಾಗಿಲಿಗೆ ಬಂದವರು ಕೈಬೀಸಿ ಒಳಹೋಗಿ
ರಾತ್ರಿಯೂಟಕ್ಕೆ ಅಕ್ಕಿ ತೊಳೆದರು.
"ರೇಡಿಯೋದವಳ ಹಾಗೆ ಓದಿದೆಯಲ್ಲೇ"
ಎಂದಳು ತಂಗಿ ಸೆಗುಂದಿನಾ,
ಕೂಸನ್ನು ಸೊಂಟದಿಂದ ಸೊಂಟಕ್ಕೆ ಬದಲಿಸುತ್ತ.
ನನಗೆ ಹಿಗ್ಗಾಗಿತ್ತು.
ಅದನ್ನು ಯಾವ ಕಲಮಿನಲ್ಲಿ ಬರೆಯಲಿ?

ಎಲ್ಲರೂ ಹೋದ ಮೇಲೆ
ಮೈಕಿನ ಗುಂಡಿ ಒತ್ತದೆ
ಹೊಸ ಸಾಲು ಹೇಳಿ ನೋಡಿದೆ,
ನಮ್ಮ ನಾಲಿಗೆಯಲ್ಲಿ, ಒರಟಾಗಿ,
ಜಗಳಕ್ಕೆ ಕರೆದ ಹಾಗೆ.
ಕೋಳಿ ಕತ್ತೆತ್ತಿತು.
ಬೇರೆ ಯಾರೂ ಇರಲಿಲ್ಲ.