ಒಂದು ಬೆರಳು ವಾಟ

ಮುಂದಿನ ಜಗಲಿ ಹೆದ್ದಾರಿಗೆ ಹೋಯಿತು.
ಹಳದಿ ಕಲ್ಲು ನೆಟ್ಟವರು ಹಿಂದೆ ತಿರುಗಿ ನೋಡಲಿಲ್ಲ;
ನಾವು ನೋಡಿದೆವು. ಹಿಂದೆ ಇಳಿಜಾರು,
ಒಂದು ಗೇರುಮರ, ಒಣಹುಲ್ಲು, ಕೆಳಗೆ ತೋಡು.
ಇನ್ನು ಕೂರುವುದಿದ್ದರೆ ಇಲ್ಲೇ.

ಮೊದಲ ದಿನ ಪ್ಲಾಸ್ಟಿಕ್ ಕುರ್ಚಿ ಒಯ್ದು ಕೂತೆ.
ಕೂತದ್ದು ನಾನು, ಕುರ್ಚಿಯಲ್ಲ.
ಅದಕ್ಕೆ ತೋಡಿಗೆ ಹೋಗುವ ಮನಸ್ಸಿತ್ತು.

ಅಂಗಡಿಯಿಂದ ಹೊಲಿಗೆಯ ಟೇಪು ತಂದು ಅಳೆದೆ:
ಹನ್ನೊಂದು ಅಡಿ ಉದ್ದಕ್ಕೆ ಎರಡೂಕಾಲು ಅಡಿ ಇಳುಕಲು.
ಇಪ್ಪತ್ತಾರು ವರ್ಷ ರವಿಕೆ ಹೊಲಿದ ಕೈ,
ಒಂದು ಭುಜ ಇಳಿದವರಿಗೂ ಸರಿಯಾಗಿ ಕೂರಿಸಿದ್ದೇನೆ,
ಈ ಗುಡ್ಡದ ಭುಜಕ್ಕೆ
ಯಾವ ಬಟ್ಟೆ ಅಂತ ತಿಳಿಯಲಿಲ್ಲ.

ಕುಂಬಳೆಯ ಅಂಗಡಿಯಲ್ಲಿ ಸಿನಾನ್
ಇಂಟರ್‌ಲಾಕ್ ತೋರಿಸಿದ, ನಾಯಿ ಕಡಿಯುವ ಎಲುಬಿನ ಆಕಾರದ್ದು.
ಪಾಲಿಶ್ ಗ್ರಾನೈಟು ತೋರಿಸಿದ: "ಅಕ್ಕಾ, ಮುಖ ಕಾಣ್ತದೆ ನೋಡಿ."
ಕಂಡಿತು. ಮಳೆಗಾಲದಲ್ಲಿ ಇದರ ಮೇಲೆ
ಅದೇ ಮುಖ ಮೊದಲು ಬೀಳುವುದೂ ಕಂಡಿತು.
ಬೇಬಿ ಜಲ್ಲಿ ಅಗ್ಗ,
ಜೂನ್ ಹತ್ತಕ್ಕೆಲ್ಲ ತೋಡಿನಲ್ಲಿರುತ್ತದೆ.
ಕಾರ್ಪೆಟ್ ಹುಲ್ಲು ಪೂವಕ್ಕನ ಆಡಿಗೆ ಒಂದು ಹೊತ್ತಿನದು.
ಮರದ ಹಲಗೆಯ ಅಟ್ಟ ಚಂದ ಎಂದ ತಮ್ಮ, ಮೊಬೈಲು ಹಿಡಿದು;
ಗೇರಿನ ಬುಡದ ಹುತ್ತದೊಳಗೆ
ಯಾರೋ ಕಿವಿಗೊಟ್ಟು ಕೇಳುತ್ತಿದ್ದರು.

ಕಾಂಕ್ರೀಟು ಸುರಿದುಬಿಡಿ, ಮುಗಿಯಿತಲ್ಲ,
ಎಂದರು ಎಲ್ಲರೂ. ಎಲ್ಲರೂ ಅಂದರೆ
ಇಲ್ಲಿ ಕೂರಲು ಬರದವರು.

ಆದಿತ್ಯವಾರ ಕುಂಞಂಬು ಮೇಸ್ತ್ರಿ ಬಂದರು.
ರಸಮಟ್ಟ ಚೀಲದಲ್ಲೇ ಇತ್ತು.
"ಒರು ಕುಡಂ ವೆಳ್ಳಂ" ಎಂದರು. ಕುಡಿಯಲಿಕ್ಕೆಂದುಕೊಂಡೆ.
ಕೊಡ ಎತ್ತಿ ಇಳಿಜಾರಿನ ನೆತ್ತಿಗೆ ಸುರಿದು,
ಕುಕ್ಕರುಗಾಲಲ್ಲಿ ಕೂತು,
ಬೀಡಿ ಮುಗಿಯುವವರೆಗೂ ನೋಡಿದರು.
ಒಂದು ಸಾಲು ಗೇರಿನ ಬೇರಿಗೆ ಹೋಯಿತು,
ಒಂದು ತೋಡಿಗೆ. ಒಂದು
ನಡುದಾರಿಯಲ್ಲೇ ನಿಂತು, ನಾವು ನೋಡುತ್ತಿದ್ದ ಹಾಗೇ
ಇಂಗಿಹೋಯಿತು.

"ಕೆಳಗೆ ಸುರಂಗ ಉಂಟಲ್ಲ?"
ಉಂಟು. ಅಜ್ಜ ತೋಡಿಸಿದ್ದು, ನಲುವತ್ತು ಕೋಲು.
ಈಗಲೂ ಮಾರ್ಚಿನಲ್ಲಿ ಅಡುಗೆಯ ನೀರು ಅದರದ್ದೇ.
"ಅದರ ತಲೆಗೆ ಸಿಮೆಂಟಿನ ಟೊಪ್ಪಿ ಇಟ್ಟರೆ
ಒಳಗೆ ಬಾಯಾರುತ್ತದೆ."
ಯಾರಿಗೆ ಎಂದು ಹೇಳಲಿಲ್ಲ.

ಮತ್ತೆ ಟಾರ್ಪಾಲು ಸರಿಸಿದರು. ನಾನು ಮರೆತೇಬಿಟ್ಟಿದ್ದೆ,
ಅಥವಾ ನೋಡಬಾರದೆಂದು ಮುಚ್ಚಿಟ್ಟಿದ್ದೆ:
ಕೆಡವಿದ ಜಗಲಿಯ ಮುರಕಲ್ಲು, ಎಂಬತ್ತಮೂರು.
ಮಂಗಳೂರು ಬಸ್ಸಿಗೆ ಕಾದವರು ಕೂತು ಕೂತು
ಒಂದು ಮುಖ ಅಷ್ಟೂ ನುಣುಪು.
ಮೀನಿನ ಬುಟ್ಟಿ ಇಳಿಸಿದ ಕಲೆ ಇರುವ ಕಲ್ಲು,
ಮದರಸದ ಮಕ್ಕಳು ಸುಣ್ಣದ ತುಂಡಿನಲ್ಲಿ
ಲೆಕ್ಕ ಮಾಡಿ ತಪ್ಪಿದ ಕಲ್ಲು.

"ನುಣುಪು ಮೇಲೆ ಬರಲಿ" ಎಂದೆ.
"ಪಾಚಿ ಹಿಡಿದರೆ ಜಾರ್ತದೆ. ಒರಟು ಮೇಲೆ."
"ಅಷ್ಟು ವರ್ಷ ಸವೆದದ್ದು, ಮೇಸ್ತ್ರಿ—"
"ಸವೆದದ್ದು ಮಣ್ಣಿಗೆ ತಾಗಿ ಮಲಗಲಿ, ಅದಕ್ಕೂ ಸಾಕಾಗಿದೆ."
ಒಂದೊಂದನ್ನೂ ಎತ್ತಿ, ಮಗುಚಿ,
ರಬ್ಬರ್ ಕೊಡತಿಯಲ್ಲಿ ಎರಡೆರಡು ಪೆಟ್ಟು.
ನಡುವಿನ ಸಂದಿಗೆ ಮರಳು ಮಾತ್ರ.
ಮೇಲುಬದಿ ಕಡಿದು, ಕೆಳಬದಿ ಕಟ್ಟಿ,
ಸಮ ಮಾಡಿದರೆಂದುಕೊಂಡೆ. ಕೊನೆಗೆ
ಚೀಲದಿಂದ ರಸಮಟ್ಟ ತೆಗೆದು ತೋರಿಸಿದರು:
ಗುಳ್ಳೆ ನಡುವಿನಲ್ಲಿಲ್ಲ.
"ಒಂದು ಬೆರಳು ವಾಟ ಇಟ್ಟಿದ್ದೇನೆ, ನೀರಿಗೆ.
ಮನುಷ್ಯರಿಗೆ ಗೊತ್ತಾಗುದಿಲ್ಲ."

ಬೀಫಾತಿಮನಿಗೆ ಗೊತ್ತಾಯಿತು.
ಜಗಲಿ ಹೋದ ಮೇಲೆ ಬರುವುದನ್ನೇ ಬಿಟ್ಟಿದ್ದವರು
ವಾಕರ್ ಊರಿಕೊಂಡು, ಹಿತ್ತಿಲು ಸುತ್ತಿ ಬಂದರು.
ಒರಟು ಕಲ್ಲಿನ ಮೇಲೆ ವಾಕರಿನ ನಾಲ್ಕು ಕಾಲೂ ನಿಂತವು.
ಕುರ್ಚಿ ಮಾತ್ರ ಟಕ್ ಟಕ್ ಎಂದಿತು.
ಸೊಂಟದಲ್ಲಿ ಸಿಕ್ಕಿಸಿದ್ದ ಪಾಪ್ಲಿನ್ ತುಂಡು
ನಾಲ್ಕು ಮಡಿಕೆ ಮಡಚಿ ಕಾಲಡಿಗೆ ಕೊಟ್ಟೆ.

"ನನ್ನ ಕಲ್ಲು ಯಾವುದು?" ಕೇಳಿದರು.
ಎಲ್ಲ ಮಗುಚಿ ಬಿದ್ದಿವೆ, ಗೊತ್ತಿಲ್ಲ ಎಂದೆ.
ಸ್ವಲ್ಪ ಹೊತ್ತು ಚಪ್ಪಲಿ ಕಳಚಿ
ಬೆರಳಲ್ಲಿ ತಡವುತ್ತ ಇದ್ದರು.

ಚಹಾ ತಂದಿಟ್ಟೆ.
ಲೋಟದಲ್ಲಿ ತೋಡಿನ ಬದಿಗೆ ಒಂದಿಷ್ಟು ಹೆಚ್ಚು,
ಗೋಡೆಯ ಬದಿಗೆ ಒಂದಿಷ್ಟು ಕಮ್ಮಿ.
ಅವರು ಲೋಟ ತಿರುಗಿಸಿ
ಹೆಚ್ಚಿದ್ದ ಬದಿಯಿಂದ ಕುಡಿದರು.